ಮನೆಯ ಸೌರಶಕ್ತಿಗೆ ಲಿಥಿಯಂ ಬ್ಯಾಟರಿ: ಉಳಿತಾಯವೋ, ವಿಮೆಯೋ?

ಮನೆಯ ಛಾವಣಿಯ ಮೇಲೆ ಸೌರಫಲಕಗಳನ್ನು ಹಾಕಿಸಿಕೊಳ್ಳುವ ಉತ್ಸಾಹ ಕಳೆದ ಎರಡು ವರ್ಷಗಳಲ್ಲಿ ನಮ್ಮ ಮಹಾನಗರದಲ್ಲಿಯೂ ಎದ್ದು ಕಾಣುತ್ತಿದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು 'ಪಿಎಂ ಸೂರ್ಯ ಘರ್' ಯೋಜನೆಯನ್ನು ಪ್ರಕಟಿಸಿ, ಒಂದು ಕೋಟಿ ಮನೆಗಳ ಗುರಿಯನ್ನಿಟ್ಟುಕೊಂಡು 75,021 ಕೋಟಿ ರೂಪಾಯಿಗಳನ್ನು ತೆಗೆದಿರಿಸಿದ್ದು ಇದಕ್ಕೆ ಮುಖ್ಯ ಕಾರಣ. ಫಲಕಗಳ ಹಿಂದೆಯೇ ಇನ್ನೊಂದು ವಸ್ತುವೂ ಮನೆಬಾಗಿಲಿಗೆ ಬರುತ್ತಿದೆ. ಅದು ಲಿಥಿಯಂ ಬ್ಯಾಟರಿ. ಸೌರಘಟಕಕ್ಕಾಗಿ ಸಾಲ ಕೇಳಲು ಬ್ಯಾಂಕಿಗೆ ಬರುವ ಗ್ರಾಹಕರ ಕೈಯಲ್ಲಿರುವ ದರಪಟ್ಟಿಗಳನ್ನು ನೋಡುವಾಗ, ಕೆಲವು ಪಟ್ಟಿಗಳಲ್ಲಿ ಬ್ಯಾಟರಿಯ ಮೊತ್ತವು ಫಲಕಗಳ ಮೊತ್ತಕ್ಕೆ ಸರಿಸಮನಾಗಿ ನಿಂತಿರುವುದು ಕಾಣುತ್ತದೆ. "ಇದು ಬೇಕೇ ಬೇಕೇ? ಬೇಕಾದರೆ ಯಾವುದನ್ನು ಕೊಳ್ಳಬೇಕು?" ಎಂದು ಅವರು ಕೇಳುವ ಪ್ರಶ್ನೆ ಸಹಜವಾದದ್ದು. ನಿವೃತ್ತಿಯ ಹಣದಿಂದಲೋ ಮಕ್ಕಳ ಉಳಿತಾಯದಿಂದಲೋ ಒಂದೆರಡು ಲಕ್ಷ ರೂಪಾಯಿಗಳನ್ನು ತೊಡಗಿಸುವ ಮುನ್ನ ಈ ಪ್ರಶ್ನೆಯನ್ನು ಸಾವಧಾನವಾಗಿ ಪರಿಶೀಲಿಸುವುದು ಒಳಿತು.

ಗ್ರಿಡ್ ಹೋದರೆ ಸೌರವಿದ್ಯುತ್ತೂ ಹೋಗುತ್ತದೆ

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಛಾವಣಿಯ ಮೇಲೆ ಫಲಕಗಳಿದ್ದರೆ ವಿದ್ಯುತ್ ಕಡಿತವಾದಾಗಲೂ ಮನೆಯಲ್ಲಿ ದೀಪ ಉರಿಯುತ್ತದೆಂದು ಅನೇಕರು ಭಾವಿಸಿದ್ದಾರೆ. ವಾಸ್ತವ ಬೇರೆಯೇ ಆಗಿದೆ. ಸರಕಾರದ ಸಹಾಯಧನ ಪಡೆದು ಹಾಕಿಸುವ ಘಟಕಗಳು ವಿದ್ಯುತ್ ಜಾಲಕ್ಕೆ ಜೋಡಿಸಿದಂಥವು. ಬೀದಿಯ ತಂತಿಯಲ್ಲಿ ವಿದ್ಯುತ್ ನಿಂತ ಕ್ಷಣವೇ ಇವುಗಳ ಇನ್ವರ್ಟರ್ ತಾನಾಗಿಯೇ ಸ್ಥಗಿತಗೊಳ್ಳುತ್ತದೆ. ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ನ ಪ್ರಾಣಕ್ಕೆ ನಮ್ಮ ಛಾವಣಿಯಿಂದ ಹರಿದುಬರುವ ವಿದ್ಯುತ್ ಎರವಾಗಬಾರದೆಂಬುದು ಇದರ ಹಿಂದಿನ ಕಾರಣ. ಆದುದರಿಂದ ನಡುಹಗಲಿನ ಸುಡುಬಿಸಿಲಿನಲ್ಲಿಯೂ, ತಲೆಯ ಮೇಲೆ 3 ಕಿಲೋವ್ಯಾಟ್ ಫಲಕಗಳಿದ್ದರೂ, ಗ್ರಿಡ್ ಹೋದರೆ ಮನೆ ಕತ್ತಲು.

ಈ ಕೊರತೆಯನ್ನು ನೀಗಿಸಲು ಎರಡು ಮಾರ್ಗಗಳಿವೆ. ಒಂದು, 'ಹೈಬ್ರಿಡ್' ಇನ್ವರ್ಟರ್ ಹಾಗೂ ಅದಕ್ಕೆ ಹೊಂದುವ ಬ್ಯಾಟರಿ. ಗ್ರಿಡ್ ಹೋದಾಗ ಇದು ಮನೆಯನ್ನು ಬೀದಿಯ ತಂತಿಯಿಂದ ಬೇರ್ಪಡಿಸಿ, ಫಲಕ ಮತ್ತು ಬ್ಯಾಟರಿಗಳಿಂದ ಮನೆಯನ್ನು ನಡೆಸುತ್ತದೆ. ಇನ್ನೊಂದು, ಸೌರಘಟಕವನ್ನು ಅದರ ಪಾಡಿಗೆ ಬಿಟ್ಟು, ಮನೆಯಲ್ಲಿ ಈಗಾಗಲೇ ಇರುವ ಸಾಮಾನ್ಯ ಇನ್ವರ್ಟರನ್ನು ಉಳಿಸಿಕೊಳ್ಳುವುದು. ಅವಿಭಜಿತ ಆಂಧ್ರಪ್ರದೇಶದ ಕೊನೆಯ ವರ್ಷಗಳಲ್ಲಿ ನಗರದಲ್ಲಿಯೂ ದಿನಕ್ಕೆ ಗಂಟೆಗಟ್ಟಲೆ ವಿದ್ಯುತ್ ಕಡಿತವಿತ್ತು. ಆಗ ಕೊಂಡ ಇನ್ವರ್ಟರುಗಳು ನಮ್ಮ ಎಷ್ಟೋ ಮನೆಗಳ ಬಾಲ್ಕನಿಗಳಲ್ಲಿ ಇಂದಿಗೂ ಇವೆ. ಒಂದೆರಡು ಗಂಟೆಯ ಕಡಿತಕ್ಕೆ ಬ್ಯಾಟರಿಯು ಸೂರ್ಯನಿಂದ ತುಂಬಿತೋ ಬೀದಿಯ ತಂತಿಯಿಂದ ತುಂಬಿತೋ ಎಂಬುದರಿಂದ ಯಾವ ವ್ಯತ್ಯಾಸವೂ ಆಗದು. ಈ ಎರಡನೆಯ ಮಾರ್ಗವನ್ನು ಮಾರಾಟಗಾರರು ಸಾಮಾನ್ಯವಾಗಿ ಪ್ರಸ್ತಾಪಿಸುವುದಿಲ್ಲ.

ನೆಟ್ ಮೀಟರ್ ಇರುವಾಗ ಬ್ಯಾಟರಿಯ ಪಾತ್ರ

"ಹಗಲಿನ ಬಿಸಿಲನ್ನು ಬ್ಯಾಟರಿಯಲ್ಲಿ ಕೂಡಿಟ್ಟು ರಾತ್ರಿ ಬಳಸಿರಿ, ಬಿಲ್ಲು ಶೂನ್ಯವಾಗುತ್ತದೆ" ಎಂಬ ಮಾತು ಕೇಳಲು ಸೊಗಸಾಗಿದೆ. ಆದರೆ ನೆಟ್ ಮೀಟರ್ ಇರುವ ಮನೆಯಲ್ಲಿ ಆ ಕೆಲಸವನ್ನು ಗ್ರಿಡ್ ಈಗಾಗಲೇ ಮಾಡುತ್ತಿದೆ. ಹಗಲು ನಾವು ಜಾಲಕ್ಕೆ ಕೊಟ್ಟ ಯೂನಿಟ್ಟುಗಳು ರಾತ್ರಿ ನಾವು ತೆಗೆದುಕೊಂಡ ಯೂನಿಟ್ಟುಗಳಿಗೆ ವಜಾ ಆಗುತ್ತವೆ. ಅಂದರೆ ವಿದ್ಯುತ್ ವಿತರಣಾ ಸಂಸ್ಥೆಯೇ ನಮ್ಮ ಉಳಿತಾಯ ಖಾತೆ. ಅದಕ್ಕೆ ಸವಕಳಿಯಿಲ್ಲ, ನಿರ್ವಹಣೆಯಿಲ್ಲ. ಹೀಗಿರುವಾಗ ಅದೇ ಯೂನಿಟ್ಟನ್ನು ಬ್ಯಾಟರಿಗೆ ತುಂಬಿ ತೆಗೆದರೆ ನಡುವೆ ಒಂದಷ್ಟು ನಷ್ಟವಾಗುವುದೇ ಹೊರತು ಬಿಲ್ಲಿನಲ್ಲಿ ಹೆಚ್ಚಿನ ಉಳಿತಾಯವೇನೂ ಆಗದು.

ಮೆಲ್ಬರ್ನ್ ಅಥವಾ ಸಿಡ್ನಿಯಲ್ಲಿ ನೆಲೆಸಿರುವ ನಮ್ಮ ಬಂಧುಗಳು "ನಾವು ಬ್ಯಾಟರಿ ಹಾಕಿಸಿದೆವು, ನೀವೇಕೆ ಹಾಕಿಸುತ್ತಿಲ್ಲ?" ಎಂದು ದೂರವಾಣಿಯಲ್ಲಿ ಕೇಳುವುದುಂಟು. ಅಲ್ಲಿ ಹಗಲು ಜಾಲಕ್ಕೆ ಮಾರುವ ವಿದ್ಯುತ್ತಿಗೆ ದೊರೆಯುವ ದರ ತೀರ ಕಡಿಮೆ, ಸಂಜೆ ಕೊಳ್ಳುವ ದರ ಅದರ ಹಲವು ಪಟ್ಟು. ಮೇಲಾಗಿ 2025ರ ಜುಲೈ 1ರಿಂದ ಅಲ್ಲಿಯ ಸರಕಾರವು ಮನೆಬ್ಯಾಟರಿಗಳ ಬೆಲೆಯಲ್ಲಿ ಸುಮಾರು ಶೇ. 30ರಷ್ಟು ರಿಯಾಯಿತಿ ನೀಡಲು ಆರಂಭಿಸಿತು. ನಮ್ಮಲ್ಲಿ ಸಹಾಯಧನವು ಫಲಕಗಳಿಗೆ ಮಾತ್ರ ಸೀಮಿತ. ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ., ಒಟ್ಟು 78,000 ರೂ. ಇದರಲ್ಲಿ ಬ್ಯಾಟರಿಗೆಂದು ಒಂದು ರೂಪಾಯಿಯೂ ಇಲ್ಲ. ಪರದೇಶದ ಲೆಕ್ಕ ಪರದೇಶಕ್ಕೇ ಸರಿ.

ಹಾಗಾದರೆ ಹೈದರಾಬಾದಿನ ಮನೆಯೊಂದರಲ್ಲಿ ಬ್ಯಾಟರಿಯ ಪ್ರಯೋಜನ ಒಂದೇ: ಕತ್ತಲಾದಾಗ ಬೆಳಕು. ಇದನ್ನು ಉಳಿತಾಯವೆಂದು ಭಾವಿಸದೆ ವಿಮೆಯೆಂದು ಭಾವಿಸಿ ಕೊಳ್ಳಬೇಕು. ವಿಮೆಯ ಬಗ್ಗೆ ನಾವು ಕೇಳುವ ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಬೇಕು: ಅಪಾಯ ಎಷ್ಟು, ರಕ್ಷಣೆ ಎಷ್ಟು ಬೇಕು, ವರ್ಷಕ್ಕೆ ಕಂತು ಎಷ್ಟು, ಹೊತ್ತಿಗೆ ಕೊಡುವವರು ಯಾರು?

ಎಷ್ಟು ರಕ್ಷಣೆ ಬೇಕು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ತಿರುಗಿಸಿ ಹೇಳಬೇಕು. ಕಾಲಿನ ಅಳತೆ ನೋಡಿ ಹಾಸಿಗೆ ಹೊಲಿಸಬೇಕು. ಮೂರು ಮಿತವ್ಯಯದ ಬಿಎಲ್‌ಡಿಸಿ ಫ್ಯಾನುಗಳಿಗೆ ಸುಮಾರು 90 ವ್ಯಾಟ್, ಆರು ಎಲ್‌ಇಡಿ ದೀಪಗಳಿಗೆ 60, ಇಂಟರ್ನೆಟ್ ಪೆಟ್ಟಿಗೆಗೆ 10, ಒಂದು ಲ್ಯಾಪ್‌ಟಾಪಿಗೆ 60, ಟಿ.ವಿ.ಗೆ 80. ಎಲ್ಲ ಸೇರಿ 300 ವ್ಯಾಟ್. ಇದು ಮೂರು ಗಂಟೆ ನಡೆದರೆ 900 ವ್ಯಾಟ್-ಗಂಟೆ, ಅಂದರೆ ಒಂದು ಯೂನಿಟ್ಟಿಗೂ ಕಡಿಮೆ. ಅದೇ ಮೂರು ಗಂಟೆ ಒಂದೂವರೆ ಟನ್ನಿನ ಎ.ಸಿ.ಯನ್ನೂ ನಡೆಸಬೇಕೆಂದರೆ ಅದೊಂದಕ್ಕೇ ನಾಲ್ಕು ಯೂನಿಟ್ಟಿಗೂ ಮಿಕ್ಕಿ ಬೇಕಾಗುತ್ತದೆ. ಬ್ಯಾಟರಿಯ ಬೆಲೆ ಐದು ಪಟ್ಟು ಏರುವುದು ಈ ಒಂದು ಆಸೆಯಿಂದ.

ಇಲ್ಲಿ ಅಳತೆಯ ಒಂದು ಸೂಕ್ಷ್ಮವನ್ನು ತಿಳಿಯಬೇಕು. ನಮಗೆಲ್ಲ ಪರಿಚಯವಿರುವ 12 ವೋಲ್ಟ್, 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇರುತ್ತದೆ. ಆದರೆ ಅದರ ಆಯುಷ್ಯ ಉಳಿಯಬೇಕಾದರೆ ಅರ್ಧದಷ್ಟನ್ನು ಮಾತ್ರ ಬಳಸಬೇಕು. ಅಲ್ಲಿಗೆ ಕೈಗೆ ಸಿಗುವುದು 0.9 ಯೂನಿಟ್. 12.8 ವೋಲ್ಟ್, 100 ಎಎಚ್ ಲಿಥಿಯಂ ಬ್ಯಾಟರಿಯಲ್ಲಿರುವುದು 1.28 ಯೂನಿಟ್, ಅದರಲ್ಲಿ ಶೇ. 80ರಷ್ಟನ್ನು ನಿರಾತಂಕವಾಗಿ ಬಳಸಬಹುದಾದ್ದರಿಂದ ಸಿಗುವುದು ಸುಮಾರು ಒಂದು ಯೂನಿಟ್. ಹೀಗಾಗಿ 150ರ ಹಳೆಯ ಬ್ಯಾಟರಿಗೆ 100ರ ಲಿಥಿಯಂ ಸಮಾನ. ಎಎಚ್ ಸಂಖ್ಯೆಗಳನ್ನು ಮಾತ್ರ ಎದುರುಬದುರು ಇಟ್ಟು ಹೋಲಿಸಬಾರದು.

ಎರಡು ಮನೆಗಳ ಲೆಕ್ಕ

ಬೆಲೆಗಳು ಅಂಗಡಿಯಿಂದ ಅಂಗಡಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಲೆಕ್ಕದ ಅನುಕೂಲಕ್ಕಾಗಿ ಟ್ಯೂಬುಲರಿಗೆ 16,000 ರೂ., ಅದಕ್ಕೆ ಸಮನಾದ ಲಿಥಿಯಂಗೆ 32,000 ರೂ. ಎಂದು ಹಿಡಿಯೋಣ. ಮೊದಲನೆಯದು ನಮ್ಮ ಬೇಸಗೆಯಲ್ಲಿ ಐದು ವರ್ಷ, ಎರಡನೆಯದು ಹತ್ತು ವರ್ಷ ಬಾಳುತ್ತದೆಂದು ಇಟ್ಟುಕೊಳ್ಳೋಣ. ಓದುಗರು ತಮಗೆ ದೊರೆತ ದರಗಳನ್ನು ಹಾಕಿ ಇದೇ ಲೆಕ್ಕವನ್ನು ಮಾಡಿಕೊಳ್ಳಬಹುದು.

ಮೊದಲನೆಯದು ಕೂಕಟಪಲ್ಲಿಯಲ್ಲೋ ಬರ್ಕತ್‌ಪುರದಲ್ಲೋ ಇರುವ ಮನೆ. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಮರ ಬಿದ್ದಾಗ, ಫೀಡರ್ ದುರಸ್ತಿಯಾದಾಗ, ಎಲ್ಲ ಸೇರಿ ವರ್ಷಕ್ಕೆ 100 ಗಂಟೆ ವಿದ್ಯುತ್ ಇರುವುದಿಲ್ಲವೆಂದು ಭಾವಿಸೋಣ. 300 ವ್ಯಾಟಿನಂತೆ ವರ್ಷಕ್ಕೆ ಬ್ಯಾಟರಿ ಕೊಡುವುದು 30 ಯೂನಿಟ್. ಲಿಥಿಯಂನ ವಾರ್ಷಿಕ ವೆಚ್ಚ 3,200 ರೂ. ಆದ್ದರಿಂದ ಒಂದು ಯೂನಿಟ್ಟಿಗೆ ಬೀಳುವುದು 100 ರೂಪಾಯಿಗೂ ಹೆಚ್ಚು! ಟ್ಯೂಬುಲರನ್ನು ಹತ್ತು ವರ್ಷಗಳಲ್ಲಿ ಎರಡು ಬಾರಿ ಕೊಂಡರೂ ಅದೇ 32,000 ರೂ. ಹಳೆಯದನ್ನು ಕೊಟ್ಟಾಗ ಸೀಸದ ಬೆಲೆಯೆಂದು ಒಂದಿಷ್ಟು ಹಣ ಮರಳಿ ಬರುತ್ತದೆ. ಎರಡನೆಯ 16,000 ರೂ. ಐದು ವರ್ಷ ಠೇವಣಿಯಲ್ಲಿದ್ದು ಬಡ್ಡಿಯನ್ನೂ ತರುತ್ತದೆ. ಅಂದರೆ ವಿರಳವಾಗಿ ಬಳಸುವ ನಗರದ ಮನೆಯಲ್ಲಿ ಹಣದ ದೃಷ್ಟಿಯಿಂದ ಹಳೆಯ ಬ್ಯಾಟರಿಯೇ ತುಸು ಅಗ್ಗ.

ಎರಡನೆಯದು ಬೀದರ್ ಅಥವಾ ರಾಯಚೂರು ಜಿಲ್ಲೆಯಲ್ಲಿ ನಮ್ಮಲ್ಲಿ ಅನೇಕರಿಗೆ ಇರುವಂಥ ಹೊಲದ ಮನೆ. ಗ್ರಿಡ್ ಅಲ್ಲಿಗೆ ತಲುಪಿಲ್ಲ, ದೀಪ ಫ್ಯಾನುಗಳೆಲ್ಲ ದಿನವೂ ಬ್ಯಾಟರಿಯಿಂದಲೇ ನಡೆಯಬೇಕು. ಟ್ಯೂಬುಲರ್ ಸುಮಾರು 1,300 ಬಾರಿ ತುಂಬಿ ಖಾಲಿಯಾಗುವಷ್ಟರಲ್ಲಿ ಸೊರಗುತ್ತದೆಂದರೆ ಅದು ತನ್ನ ಬಾಳಿನಲ್ಲಿ ಕೊಡುವುದು ಸುಮಾರು 1,170 ಯೂನಿಟ್. ಯೂನಿಟ್ಟಿಗೆ 13ರಿಂದ 14 ರೂ. ಬೀಳುತ್ತದೆ. ಲಿಥಿಯಂ 4,000 ಬಾರಿ ತಾಳಿಕೊಂಡರೆ ಯೂನಿಟ್ಟಿಗೆ 8 ರೂ. ಮಾತ್ರ. ಇಲ್ಲಿ ಲಿಥಿಯಂ ನಿಸ್ಸಂಶಯವಾಗಿ ಗೆಲ್ಲುತ್ತದೆ.

ವಸ್ತು ಒಂದೇ, ಬೆಲೆಯೂ ಒಂದೇ, ಮನೆ ಬೇರೆಯಾದಾಗ ತೀರ್ಪು ಬೇರೆಯಾಗುತ್ತದೆ. ಕರಪತ್ರಗಳಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಿರುವ '6,000 ಸೈಕಲ್' ಎಂಬ ಭರವಸೆ ವರ್ಷಕ್ಕೆ ನೂರು ಬಾರಿ ಮಾತ್ರ ಬಳಸುವವನಿಗೆ 60 ವರ್ಷಗಳ ಮಾತಾಯಿತು. ಬಳಸದೆ ಇಟ್ಟರೂ ಬ್ಯಾಟರಿಗೆ ಮುಪ್ಪು ಬರುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ ಬರುತ್ತದೆ. ನಗರವಾಸಿಯು ನೋಡಬೇಕಾದದ್ದು ವಾರಂಟಿಯ ವರ್ಷಗಳನ್ನು.

ಹಾಗೆಂದು ನಗರದ ಮನೆಗೆ ಲಿಥಿಯಂ ಸಲ್ಲದೆಂದು ಹೇಳಿದರೆ ತಪ್ಪಾದೀತು. ಡಿಸ್ಟಿಲ್ಡ್ ವಾಟರ್ ತುಂಬುವ ಗೋಜಿಲ್ಲ, ಆಮ್ಲದ ಆವಿಯಿಲ್ಲ, ತೂಕ ಹಾಗೂ ಜಾಗ ತೀರ ಕಡಿಮೆ. ಟ್ಯೂಬುಲರ್ ತುಂಬಲು ಹತ್ತು ಗಂಟೆ ಬೇಕಾದರೆ, ತಕ್ಕ ಚಾರ್ಜರ್ ಇದ್ದಲ್ಲಿ ಇದು ಮೂರು ನಾಲ್ಕು ಗಂಟೆಗಳಲ್ಲಿ ತುಂಬುತ್ತದೆ. ಮಕ್ಕಳು ದೂರದೇಶದಲ್ಲಿದ್ದು ವೃದ್ಧ ದಂಪತಿಗಳಿಬ್ಬರೇ ಇರುವ ಮನೆಯಲ್ಲಿ ನೀರು ತುಂಬುವ ಕೆಲಸ ತಪ್ಪುವುದೂ ಒಂದು ದೊಡ್ಡ ನೆಮ್ಮದಿಯೇ. ತೆರಿಗೆಯ ವಿಷಯದಲ್ಲಿ ಮಾತ್ರ ಲಿಥಿಯಂಗೆ ಇದ್ದ ಅನುಕೂಲ ಈಗಿಲ್ಲ. 2018ರ ಜುಲೈನಿಂದ ಲಿಥಿಯಂ ಬ್ಯಾಟರಿಗೆ ಶೇ. 18ರ ಜಿಎಸ್‌ಟಿ ಇದ್ದು ಹಳೆಯ ಬಗೆಯದಕ್ಕೆ ಶೇ. 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ. 18ರ ಒಂದೇ ದರ ಬಂದಿದೆ.

ಲಿಥಿಯಂನಲ್ಲಿಯೂ ಭೇದವಿದೆ

ಲಿಥಿಯಂ ಬ್ಯಾಟರಿ ಎಂಬುದು ಒಂದು ಕುಟುಂಬದ ಹೆಸರು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಮೊದಲ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಕೋಬಾಲ್ಟ್ ಇತ್ತು. ಇಂದು ಅನೇಕ ವಾಹನಗಳಲ್ಲಿ ಬಳಕೆಯಲ್ಲಿರುವುದು ನಿಕಲ್, ಮ್ಯಾಂಗನೀಸ್ ಮತ್ತು ಕೋಬಾಲ್ಟ್ ಬೆರೆತ 'ಎನ್‌ಎಂಸಿ'. ಮನೆಗೆ ಸೂಕ್ತವಾದದ್ದು ಲಿಥಿಯಂ ಐರನ್ ಫಾಸ್ಫೇಟ್, ಅಂದರೆ 'ಎಲ್‌ಎಫ್‌ಪಿ'. 1990ರ ದಶಕದ ಉತ್ತರಾರ್ಧದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ಇದರ ಗುಣವನ್ನು ಗುರುತಿಸಿತು. ಆ ಸಂಶೋಧನೆಯಲ್ಲಿ ಅಕ್ಷಯ ಪಾಢಿ ಎಂಬ ಭಾರತೀಯರ ಪಾತ್ರ ಪ್ರಮುಖವಾಗಿತ್ತು. ಗುಡ್‌ಇನಫ್ ಅವರಿಗೆ 2019ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಹುಮಾನ ದೊರೆಯಿತು.

ಎಲ್‌ಎಫ್‌ಪಿ ಅಷ್ಟೇ ಶಕ್ತಿಗೆ ಎನ್‌ಎಂಸಿಗಿಂತ ತುಸು ಭಾರ. ಗೋಡೆಗೆ ತೂಗುಹಾಕಿದ ಬ್ಯಾಟರಿಗೆ ಭಾರದಿಂದ ತೊಂದರೆಯಿಲ್ಲ. ಅದರ ದೊಡ್ಡ ಗುಣ ತಾಳ್ಮೆ: ಹೆಚ್ಚು ಉಷ್ಣತೆಯವರೆಗೆ ಕೆರಳದೆ ಇರುತ್ತದೆ, ಹೆಚ್ಚು ಬಾರಿ ತುಂಬಿ ಖಾಲಿಯಾಗಬಲ್ಲದು. ಕೊಳ್ಳುವವರು ಗುರುತಿಸುವ ಸುಲಭೋಪಾಯವೂ ಉಂಟು. ಎಲ್‌ಎಫ್‌ಪಿಯ ಒಂದು ಕೋಶ 3.2 ವೋಲ್ಟ್ ಇರುವುದರಿಂದ ಪೆಟ್ಟಿಗೆಯ ಮೇಲೆ 12.8, 25.6 ಅಥವಾ 51.2 ಎಂಬ ಅಂಕೆಗಳು ಕಾಣುತ್ತವೆ. ಎನ್‌ಎಂಸಿ ಕೋಶದ ವೋಲ್ಟೇಜ್ 3.6 ಅಥವಾ 3.7.

ಈ ಲೋಹದ ಕಥೆ ನಮ್ಮ ನೆಲಕ್ಕೂ ತಾಗಿದೆ. ಹೈದರಾಬಾದಿನ ಬೇಗಂಪೇಟೆಯಲ್ಲಿ ಕೇಂದ್ರ ಕಚೇರಿಯುಳ್ಳ ಅಣು ಖನಿಜಗಳ ನಿರ್ದೇಶನಾಲಯವು ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಪ್ರದೇಶದಲ್ಲಿ 1,600 ಟನ್ ಲಿಥಿಯಂ ಇರುವುದನ್ನು ಅಂದಾಜಿಸಿತು. ಇದು ಆರಂಭಿಕ ಅಂದಾಜು. ದೇಶದ ಬೇಡಿಕೆಗೆ ಹೋಲಿಸಿದರೆ ಅಲ್ಪ ಪ್ರಮಾಣ. ಇನ್ನು ಹೈದರಾಬಾದಿನಿಂದ ರಾಯಚೂರಿಗೆ ಹೋಗುವಾಗ ಹಾದುಹೋಗುವ ಮಹಬೂಬ್‌ನಗರದ ಬಳಿ, ದಿವಿಟಿಪಲ್ಲಿಯಲ್ಲಿ, 9,500 ಕೋಟಿ ರೂ. ಹೂಡಿಕೆಯ ಅಮರರಾಜ ಸಂಸ್ಥೆಯ ಲಿಥಿಯಂ ಕೋಶಗಳ ಕಾರ್ಖಾನೆಗೆ 2023ರ ಮೇ ತಿಂಗಳಲ್ಲಿ ಶಂಕುಸ್ಥಾಪನೆಯಾಯಿತು. ಇಂಥ ಪ್ರಯತ್ನಗಳು ಪೂರ್ಣವಾಗಿ ಫಲ ಕೊಡುವವರೆಗೆ ನಮ್ಮ ಪೆಟ್ಟಿಗೆಗಳೊಳಗಿನ ಬಹುಪಾಲು ಕೋಶಗಳು ಚೀನಾದಿಂದಲೇ ಬರುತ್ತವೆ, ಪೆಟ್ಟಿಗೆಯ ಮೇಲೆ ಯಾವ ಹೆಸರಿದ್ದರೂ ಸರಿ.

ಸುರಕ್ಷತೆಯ ಮಾತು

2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನ ಹೋಟೆಲ್ ಕಟ್ಟಡವೊಂದರ ಕೆಳಭಾಗದಲ್ಲಿದ್ದ ವಿದ್ಯುತ್ ಸ್ಕೂಟರುಗಳ ಮಳಿಗೆಯಲ್ಲಿ ಬೆಂಕಿ ಹೊತ್ತಿ, ಮೇಲೇರಿದ ಹೊಗೆಗೆ ಎಂಟು ಜನ ಬಲಿಯಾದುದನ್ನು ನಗರ ಮರೆತಿಲ್ಲ. ವಾಹನದ ಬ್ಯಾಟರಿಯೂ ಮನೆಯ ಬ್ಯಾಟರಿಯೂ ಒಂದೇ ಅಲ್ಲ. ಎಲ್‌ಎಫ್‌ಪಿಯಲ್ಲಿ ಅಪಾಯ ಕಡಿಮೆ, ಆದರೆ ಶೂನ್ಯವಲ್ಲ. ಆ ದುರಂತದ ಪಾಠವೆಂದರೆ ಬೆಂಕಿಗಿಂತ ಮೊದಲು ಹೊಗೆ ಕೊಲ್ಲುತ್ತದೆ, ಹಾಗೂ ಹೊಗೆ ಮೆಟ್ಟಿಲುಗಳ ದಾರಿಯನ್ನೇ ಹಿಡಿಯುತ್ತದೆ. ಬ್ಯಾಟರಿಯನ್ನು ಮೆಟ್ಟಿಲ ಕೆಳಗೆ, ಮುಖ್ಯದ್ವಾರದ ಪಕ್ಕದಲ್ಲಿ, ಮಲಗುವ ಕೋಣೆಯಲ್ಲಿ, ದೇವರ ಮನೆಯ ದೀಪದ ಬಳಿ ಇಡಬಾರದು. ನೆಲಮಾಳಿಗೆಯೂ ಬೇಡ. 2020ರ ಅಕ್ಟೋಬರಿನ ಮಹಾಮಳೆಯಲ್ಲಿ ಎಷ್ಟು ಅಪಾರ್ಟ್‌ಮೆಂಟುಗಳ ನೆಲಮಾಳಿಗೆಗಳು ದಿನಗಟ್ಟಲೆ ನೀರಿನಲ್ಲಿದ್ದವೆಂಬುದು ಟೋಲಿಚೌಕಿಯ ನಿವಾಸಿಗಳಿಗೆ ಚೆನ್ನಾಗಿ ನೆನಪಿದೆ. ನೇರ ಬಿಸಿಲು ಬೀಳದ, ಗಾಳಿಯಾಡುವ, ಕಾಂಕ್ರೀಟ್ ಗೋಡೆಯುಳ್ಳ ಬಾಲ್ಕನಿ ಅಥವಾ ಉಪಯೋಗದ ಅಂಗಳವೇ ಉತ್ತಮ. ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ಊರಿನಲ್ಲಿ ಪಶ್ಚಿಮದ ಬಿಸಿಲು ತಾಗುವ ಗೋಡೆ ಬ್ಯಾಟರಿಯ ಶತ್ರು.

ಹಳೆಯ ಸ್ಕೂಟರುಗಳಿಂದ ಕಳಚಿದ ಕೋಶಗಳನ್ನು ಸೇರಿಸಿ ಕಟ್ಟಿದ ಅಗ್ಗದ ಪೆಟ್ಟಿಗೆಗಳಿಂದ ದೂರವಿರಬೇಕು. ಪ್ರತಿ ಕೋಶದ ವೋಲ್ಟೇಜ್ ಮತ್ತು ಉಷ್ಣತೆಯನ್ನು ಕಾಯುವ 'ಬಿಎಂಎಸ್' ಎಂಬ ಕಾವಲು ವ್ಯವಸ್ಥೆ ಪೆಟ್ಟಿಗೆಯೊಳಗೆ ಇರಲೇಬೇಕು. ಹಳೆಯ ಇನ್ವರ್ಟರಿಗೆ ಹೊಸ ಲಿಥಿಯಂ ಜೋಡಿಸುವುದಾದರೆ ಆ ಇನ್ವರ್ಟರಿನಲ್ಲಿ ಲಿಥಿಯಂಗೆ ತಕ್ಕ ಚಾರ್ಜಿಂಗ್ ವ್ಯವಸ್ಥೆ ಇದೆಯೇ ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳಬೇಕು. ಸೀಸದ ಬ್ಯಾಟರಿಗಾಗಿ ಆಗಾಗ ಕೊಡುವ ಹೆಚ್ಚಿನ ವೋಲ್ಟೇಜ್ ಲಿಥಿಯಂಗೆ ಸಲ್ಲದು.

ಆಮ್ಲಜನಕ ಯಂತ್ರದ ಮೇಲೆ ಅವಲಂಬಿತರಾದ ಹಿರಿಯರಿರುವ ಮನೆಗಳಿಗೆ ಒಂದು ವಿಶೇಷ ಸೂಚನೆ. ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರವೊಂದಕ್ಕೆ ಸುಮಾರು 350 ವ್ಯಾಟ್ ಬೇಕು. ನಾಲ್ಕು ಗಂಟೆಗೆ 1.4 ಯೂನಿಟ್ ಆಗುವುದರಿಂದ ಮೇಲೆ ಹೇಳಿದ ಚಿಕ್ಕ ಬ್ಯಾಟರಿ ಸಾಲದು. ಇಂಥ ಮನೆಗಳಲ್ಲಿ ಯೂನಿಟ್ಟಿಗೆ ಎಷ್ಟು ಬಿದ್ದರೂ ದೊಡ್ಡ ಬ್ಯಾಟರಿ ನ್ಯಾಯವಾದ ಖರ್ಚೇ. ಅದರ ಜೊತೆಗೆ ವೈದ್ಯರ ಸಲಹೆಯಂತೆ ತುಂಬಿದ ಸಿಲಿಂಡರೊಂದು ಮನೆಯಲ್ಲಿರಲಿ.

ವಾರಂಟಿ ಮತ್ತು ಸಾಲ

ಹತ್ತು ವರ್ಷಗಳ ವಾರಂಟಿ ಎಂಬುದು ಹತ್ತು ವರ್ಷಗಳ ವಾಗ್ದಾನ ಪತ್ರ. ಅದನ್ನು ಬರೆದುಕೊಟ್ಟವನು ಅಷ್ಟು ಕಾಲ ಉಳಿದರೆ ಮಾತ್ರ ಅದಕ್ಕೆ ಬೆಲೆ. ಹಣ ಕೊಡುವ ಮುನ್ನ ಈ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಪಡೆಯುವುದು ಒಳ್ಳೆಯದು:

1. ಕೋಶಗಳು ಎಲ್‌ಎಫ್‌ಪಿಯೇ? ಹೊಸವೇ? ಐಇಸಿ 62619 ಸುರಕ್ಷತಾ ಪರೀಕ್ಷೆಯ ಪ್ರಮಾಣಪತ್ರವಿದೆಯೇ?
2. ವಾರಂಟಿಯ ಕೊನೆಯಲ್ಲಿ ಎಷ್ಟು ಶೇಕಡಾ ಸಾಮರ್ಥ್ಯ ಉಳಿಯಬೇಕೆಂದು ಬರೆದಿದೆ? ವರ್ಷ ಅಥವಾ ಸೈಕಲ್, ಯಾವುದು ಮೊದಲೋ ಅದು ಎಂಬ ಷರತ್ತಿದೆಯೇ?
3. ಉಷ್ಣತೆಯ ಮಿತಿ ಎಷ್ಟು? ಅದು ಹೈದರಾಬಾದಿನ ಮೇ ತಿಂಗಳಿಗೆ ಹೊಂದುತ್ತದೆಯೇ?
4. ಕೆಟ್ಟರೆ ಹೊಸದನ್ನು ಕೊಡುತ್ತಾರೆಯೇ, ಬಳಸಿದ ವರ್ಷಗಳ ಪಾಲನ್ನು ಕಳೆದು ಹಣ ಕೊಡುತ್ತಾರೆಯೇ?
5. ನಗರದಲ್ಲಿ ಸೇವಾ ಕೇಂದ್ರವಿದೆಯೇ? ಜಿಎಸ್‌ಟಿ ಬಿಲ್ಲಿನಲ್ಲಿ ಕ್ರಮಸಂಖ್ಯೆ ನಮೂದಾಗಿದೆಯೇ?
6. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯದನ್ನು ಮರಳಿ ಪಡೆಯುವ ಹೊಣೆ ತಯಾರಕನದು. ಅದಕ್ಕೆ ಇಲ್ಲಿ ಏನು ಏರ್ಪಾಡಿದೆ?

ಸಾಲದ ಬಗ್ಗೆ ಎರಡು ಮಾತು. ಸೂರ್ಯ ಘರ್ ಯೋಜನೆಯಡಿ 3 ಕಿಲೋವ್ಯಾಟ್‌ವರೆಗಿನ ಘಟಕಕ್ಕೆ ಸರಕಾರಿ ಬ್ಯಾಂಕುಗಳು 2 ಲಕ್ಷ ರೂ.ವರೆಗೆ ಅಡಮಾನವಿಲ್ಲದೆ, ರೆಪೋ ದರಕ್ಕೆ ಅರ್ಧ ಶೇಕಡಾ ಸೇರಿಸಿದ ಬಡ್ಡಿಗೆ ಸಾಲ ಕೊಡುತ್ತವೆ. ಫಲಕಗಳು ಬಿಲ್ಲನ್ನು ಇಳಿಸುವುದರಿಂದ ಆ ಕಂತು ತನ್ನಷ್ಟಕ್ಕೆ ತಾನೇ ತೀರುತ್ತದೆ. ಬ್ಯಾಟರಿ ನಗರದಲ್ಲಿ ಏನನ್ನೂ ಗಳಿಸುವುದಿಲ್ಲವಾದ್ದರಿಂದ, ಅದರ ಖರ್ಚನ್ನು 'ಶೂನ್ಯ ಬಡ್ಡಿ'ಯ ಕಂತುಗಳ ಆಕರ್ಷಣೆಗೆ ಒಳಗಾಗದೆ ಕೈಯಲ್ಲಿರುವ ಹಣದಿಂದ ಭರಿಸುವುದು ವಿವೇಕ.

ಸೌರದೀಪಕ್ಕೆ ಸಾಲ ಕೊಡುವ ಪರಂಪರೆ ಕನ್ನಡ ನೆಲದ ಬ್ಯಾಂಕುಗಳಿಗೆ ಹೊಸದಲ್ಲ. 1995ರಲ್ಲಿ ಹರೀಶ್ ಹಂದೆಯವರು ಸಹಸಂಸ್ಥಾಪಕರಾಗಿ ಆರಂಭಿಸಿದ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಮನೆಗಳಿಗೆ ಸೌರದೀಪ ಒಯ್ದಾಗ ಗ್ರಾಮೀಣ ಬ್ಯಾಂಕುಗಳು ಜೊತೆಗೂಡಿದವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕ್ ಮತ್ತು ಅಂದಿನ ಸಿಂಡಿಕೇಟ್ ಬ್ಯಾಂಕ್ ಇದಕ್ಕಾಗಿಯೇ ಸಾಲಯೋಜನೆಯನ್ನು ನಡೆಸಿದವು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಆ ಪ್ರಯತ್ನ ಯಶಸ್ವಿಯಾದದ್ದು ಪ್ರತಿ ಮನೆಗೆ ಎಷ್ಟು ದೀಪ, ಎಷ್ಟು ಹೊತ್ತು ಬೇಕೆಂದು ಕೇಳಿ ಅಷ್ಟನ್ನೇ ಕೊಟ್ಟು, ಕೆಟ್ಟಾಗ ಮನೆಬಾಗಿಲಿಗೆ ಬಂದು ಸರಿಪಡಿಸಿದ್ದರಿಂದ. ಒಂದೆರಡು ದೀಪಗಳ ರೈತನಿಗೆ ಅನ್ವಯಿಸಿದ ಈ ನೀತಿ ಮೂರು ಕೋಣೆಯ ಫ್ಲ್ಯಾಟಿನವರಿಗೂ ಅನ್ವಯಿಸುತ್ತದೆ.

ಆದುದರಿಂದ ಓದುಗರಲ್ಲಿ ಒಂದು ವಿನಂತಿ. ಬ್ಯಾಟರಿಗೆ ಮುಂಗಡ ಕೊಡುವ ಮುನ್ನ ಮೂರು ತಿಂಗಳು, ಸಾಧ್ಯವಾದರೆ ಒಂದು ಬೇಸಗೆ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ವಿದ್ಯುತ್ ಹೋದ ದಿನ ಮತ್ತು ಹೊತ್ತನ್ನು ಗುರುತಿಸಿರಿ. ಅಪಾರ್ಟ್‌ಮೆಂಟಿನ ಜನರೇಟರ್ ಯಾವ ದೀಪ, ಯಾವ ಫ್ಯಾನುಗಳನ್ನು ನಡೆಸುತ್ತದೆಂದು ವಿಚಾರಿಸಿರಿ. ಆ ಗೀಟುಗಳು ಬೆರಳೆಣಿಕೆಯಷ್ಟಿದ್ದರೆ ಈಗಿರುವ ಇನ್ವರ್ಟರೇ ಸಾಕು. ಅದರ ಬ್ಯಾಟರಿಯ ಆಯುಷ್ಯ ಮುಗಿದಾಗ ಎಲ್‌ಎಫ್‌ಪಿಯನ್ನು ಯೋಚಿಸಬಹುದು. ಗೀಟುಗಳು ದಿನವೂ ಬೀಳುತ್ತಿದ್ದರೆ, ಅಥವಾ ಮನೆಯಲ್ಲಿ ಯಂತ್ರದ ಉಸಿರನ್ನು ನಂಬಿದವರಿದ್ದರೆ, ಹಿಂಜರಿಯದೆ ಒಳ್ಳೆಯದನ್ನೇ ಕೊಳ್ಳಿರಿ.